ಕಡೆಯ ಪಂಕ್ತಿಯಲ್ಲಿ ಯಾರು?

(ರಾಜಾಜಿನಗರದಲ್ಲಿ, ನವರಂಗ್ ಚಿತ್ರಮಂದಿರಕ್ಕೆ ಅನತಿದೂರದ ಒಂದು ಹಳೆಯ ಮನೆಯ ಜಗಲಿ. ಹಿರಿಯರು ನಿವೃತ್ತ ಕನ್ನಡ ಉಪಾಧ್ಯಾಯರು. ಕಿರಿಯನು ವಿಜಯನಗರದ ಒಂದು ಕನ್ನಡ ಸಂಘದ ಕಾರ್ಯದರ್ಶಿ. ಅಣ್ಣಾವ್ರೆಂದು ಜನ ಕರೆಯುವ ನಟ ರಾಜ್‌ಕುಮಾರರ ಹುಟ್ಟುಹಬ್ಬ, ಏಪ್ರಿಲ್ 24, ಸಮೀಪಿಸುತ್ತಿದೆ.)

ಕಿರಿಯ: ಮೇಷ್ಟ್ರೇ, ಅಣ್ಣಾವ್ರ ಹುಟ್ಟುಹಬ್ಬಕ್ಕೆಂದು ನಮ್ಮ ಸಂಘದವರು ಹೊರತರುವ ಸ್ಮರಣ ಸಂಚಿಕೆಯಲ್ಲಿ ಈ ಸಲ ಅವರ ಚಿತ್ರಗಳನ್ನು ಅತ್ಯುತ್ತಮವಾದುದರಿಂದ ತೊಡಗಿ ತೀರ ಕೆಳಗಿನದರವರೆಗೆ ಕ್ರಮವಾಗಿ ಜೋಡಿಸಿ ಅಚ್ಚು ಹಾಕಿಸಬೇಕೆಂದು ತೀರ್ಮಾನವಾಗಿದೆ. ಮೊದಲ ಹತ್ತನ್ನು ಬರೆದು ತಂದಿದ್ದೇನೆ. ತಾವೊಮ್ಮೆ ಕಣ್ಣಾಡಿಸಿದರೆ ಧೈರ್ಯ ಬಂದೀತು.

ಹಿರಿಯ: ಮೊದಲ ಹತ್ತು ಸರಿಯಪ್ಪ, ಕಡೆಯ ಹತ್ತು ಎಲ್ಲಿ?

ಕಿರಿಯ: ಅದನ್ನು ಬರೆಯುವುದಕ್ಕೆ ಸಭೆಯಲ್ಲಿ ಒಬ್ಬರೂ ಒಡಂಬಡಲಿಲ್ಲ. ಸಮಾಧಿಯಿರುವುದು ಇಲ್ಲೇ ಕಂಠೀರವ ಸ್ಟುಡಿಯೋದಲ್ಲಿ; ಅವರ ಚಿತ್ರವೊಂದನ್ನು ಅಧಮವೆಂದು ಬರೆದ ಕೈಯಿಂದಲೇ ಅಲ್ಲಿಗೆ ಹೂವನ್ನು ಒಯ್ಯುವುದು ಹೇಗೆಂದು ನಮ್ಮ ಖಜಾಂಚಿಯವರು ಕೇಳಿದರು. ಉತ್ತರ ಹೇಳುವವರಿರಲಿಲ್ಲ.

ಹಿರಿಯ: ಖಜಾಂಚಿಯವರ ಭಕ್ತಿ ದೊಡ್ಡದು. ಪೂರ್ವಿಕರೂ ಹೀಗೆಯೇ ನಡೆದುಕೊಂಡರೆನ್ನು. ನಾಟಕಗಳಲ್ಲಿ ಶಾಕುಂತಲವೇ ಮೇಲು, ಅದರೊಳಗೂ ನಾಲ್ಕನೆಯ ಅಂಕವೇ ಮೇಲು ಎಂದು ಬೆರಳಿಟ್ಟು ತೋರಿಸಿದ ಸಂಸ್ಕೃತ ರಸಿಕರು, ಕಾಳಿದಾಸನ ಕೃತಿಗಳಲ್ಲಿ ಕಡೆಯ ಮಣೆ ಯಾವುದಕ್ಕೆಂಬ ಪ್ರಶ್ನೆ ಬಂದಾಗ ಮಾಳವಿಕಾಗ್ನಿಮಿತ್ರದ ಕಡೆಗೆ ಓರೆಗಣ್ಣಿನಲ್ಲಿ ನೋಡಿ ಸುಮ್ಮನಾದರು. ಆದರೆ ಮೇಲಿನ ಹತ್ತನ್ನು ಮಾತ್ರ ಬರೆದರೆ ಅದು ಸ್ತೋತ್ರವಾಗುತ್ತದೆಯೇ ಹೊರತು ಶ್ರೇಣಿಯಾಗುವುದಿಲ್ಲ. ಇರಲಿ, ಓದು.

ಕಿರಿಯ: ಒಂದು, ಬಂಗಾರದ ಮನುಷ್ಯ, ಇದಕ್ಕೆ ವಿವಾದವೇ ಬರಲಿಲ್ಲ. ಎರಡು, ಕಸ್ತೂರಿ ನಿವಾಸ. ಮೂರು, ಗಂಧದ ಗುಡಿ. ನಾಲ್ಕು, ಮಯೂರ. ಐದು, ಸತ್ಯ ಹರಿಶ್ಚಂದ್ರ. ಆರು, ಬಬ್ರುವಾಹನ. ಏಳು, ಶಂಕರ್ ಗುರು. ಎಂಟು, ಭಕ್ತ ಕುಂಬಾರ. ಒಂಬತ್ತು, ಜೀವನ ಚೈತ್ರ. ಹತ್ತು, ಕವಿರತ್ನ ಕಾಳಿದಾಸ.

ಹಿರಿಯ: ಯಾವ ತಕ್ಕಡಿಯಲ್ಲಿ ತೂಗಿದಿರಿ?

ಕಿರಿಯ: ಬಹುಮಟ್ಟಿಗೆ ಓಡಿದ ವಾರಗಳೇ ತಕ್ಕಡಿ. ಬಂಗಾರದ ಮನುಷ್ಯ 1972ರಲ್ಲಿ ತೆರೆಕಂಡು, ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ, ಮುಂದೆ ಭೂಮಿಕಾ ಎನಿಸಿಕೊಂಡಿತಲ್ಲ ಅದರಲ್ಲಿ, ಎರಡು ವರ್ಷ ನಡೆಯಿತು. ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಹಿಂತಿರುಗಿ ನೇಗಿಲು ಹಿಡಿದವರ ಕಥೆಗಳನ್ನು ನಮ್ಮ ತಂದೆಯವರು ಈಗಲೂ ಹೇಳುತ್ತಾರೆ. ಇದಕ್ಕಿಂತ ದೊಡ್ಡ ಪ್ರಮಾಣ ಬೇಕೆ?

ಹಿರಿಯ: ದೊಡ್ಡ ಪ್ರಮಾಣವೇ ಸರಿ, ಆದರೆ ಯಾವುದಕ್ಕೆ ಪ್ರಮಾಣ? ಟಿ. ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ, ಜಿ. ಕೆ. ವೆಂಕಟೇಶರ ರಾಗಸಂಯೋಜನೆ, ಪಿ. ಬಿ. ಶ್ರೀನಿವಾಸರ ಕಂಠ, ಇವೆಲ್ಲ ಕೂಡಿ ಎರಡು ವರ್ಷ ಜನವನ್ನು ಕರೆದು ತಂದುವು. ನೀನು ಪಟ್ಟಿ ಮಾಡುತ್ತಿರುವುದು ಚಿತ್ರಗಳನ್ನೋ, ಆ ಚಿತ್ರಗಳೊಳಗಿನ ರಾಜ್‌ಕುಮಾರರನ್ನೋ? 1954ರ ಬೇಡರ ಕಣ್ಣಪ್ಪದಿಂದ ಇಪ್ಪತ್ತು ವರ್ಷಗಳ ತನಕ ಆ ನಟರು ತೆರೆಯ ಮೇಲೆ ಹಾಡಿದ ಹಾಡುಗಳಲ್ಲಿ, ಅಲ್ಲೊಂದು ಇಲ್ಲೊಂದನ್ನು ಬಿಟ್ಟರೆ, ಉಳಿದವುಗಳ ಕಂಠ ಪರರದು. 1974ರ ಸಂಪತ್ತಿಗೆ ಸವಾಲ್‌ನಲ್ಲಿ ಎಮ್ಮೆಯ ಬೆನ್ನಿನ ಮೇಲೆ ಕುಳಿತು ಅವರು ತಮ್ಮದೇ ದನಿಯಲ್ಲಿ ಹಾಡಿದಂದಿನಿಂದ ಲೆಕ್ಕವೇ ಬೇರೆಯಾಯಿತು. ಹಾಗಾದರೆ ಮೊದಲ ಇಪ್ಪತ್ತು ವರ್ಷದ ಚಿತ್ರಗಳಿಗೆ ಹಾಡಿನ ಅಂಕವನ್ನು ಕಳೆಯುವೆಯೋ, ಉಳಿಸುವೆಯೋ?

ಕಿರಿಯ: ಇಷ್ಟು ದೂರ ನಾವು ಯೋಚಿಸಲಿಲ್ಲ. ಪಿ.ಬಿ.ಎಸ್. ಅವರ ದನಿಯೂ ಅಣ್ಣಾವ್ರ ದನಿಯೂ ನಮಗೆ ಒಂದೇ ಎನ್ನಿಸಿಹೋಗಿದೆ.

ಹಿರಿಯ: ಎನ್ನಿಸುವಂತೆ ತುಟಿ ಆಡಿಸಿದ್ದೂ ನಟನೆಯೇ. ಆದುದರಿಂದ ಕಳೆಯುವುದು ಬೇಡ. ನನ್ನ ತಕ್ಕಡಿಯನ್ನು ಹೇಳುತ್ತೇನೆ, ಒಪ್ಪದಿದ್ದರೆ ಬಿಟ್ಟುಬಿಡು. ಪಾತ್ರವು ತಪ್ಪುವುದಕ್ಕೆ ಅಥವಾ ಸೋಲುವುದಕ್ಕೆ ಎಡೆಯುಳ್ಳದ್ದಾಗಿ, ನಟನು ಆ ಎಡೆಯೊಳಕ್ಕೆ ಅಂಜದೆ ಇಳಿದಿರುವ ಚಿತ್ರಗಳು ಮೇಲೆ ನಿಲ್ಲತಕ್ಕವು. ಕಥೆ ಆರಂಭವಾಗುವುದಕ್ಕೆ ಮುನ್ನವೇ ಗೆಲುವನ್ನು ನಿಶ್ಚಯಿಸಿಕೊಂಡು, ನಾಯಕನು ಬಾಗಿಲಲ್ಲಿ ಕಾಣಿಸಿಕೊಂಡೊಡನೆ ಆರತಿ ಎತ್ತುವ ಚಿತ್ರಗಳು ಕೆಳಗೆ ನಿಲ್ಲತಕ್ಕವು. ನಿಮ್ಮ ಪಟ್ಟಿಯಲ್ಲಿ ಭಕ್ತನಿದ್ದಾನೆ, ಅರಸನಿದ್ದಾನೆ, ಅರಣ್ಯಾಧಿಕಾರಿಯಿದ್ದಾನೆ. ತಪ್ಪಿದವನು ಒಬ್ಬನೂ ಕಾಣನಲ್ಲ?

ಕಿರಿಯ: ಅಣ್ಣಾವ್ರನ್ನು ತಪ್ಪಿತಸ್ಥರಾಗಿ ನೋಡಲು ಜನ ಟಿಕೆಟ್ಟು ಕೊಳ್ಳುತ್ತಿದ್ದರೆ, ಮೇಷ್ಟ್ರೇ?

ಹಿರಿಯ: ಒಂದು ಕಾಲದಲ್ಲಿ ಕೊಳ್ಳುತ್ತಿದ್ದರು. ಗುಬ್ಬಿ ಕಂಪನಿಯಲ್ಲಿ ಪಳಗಿ ಬಂದವರಿಗೆ ರಾಮನೂ ಒಂದೇ, ರಾವಣನೂ ಒಂದೇ. 1958ರ ಭೂಕೈಲಾಸದಲ್ಲಿ ಅವರು ರಾವಣ. 1959ರ ಮಹಿಷಾಸುರ ಮರ್ದಿನಿಯಲ್ಲಿ ಮಹಿಷಾಸುರ. ನಿಮ್ಮ ವಿಜಯನಗರಕ್ಕೆ ಅಂಟಿಕೊಂಡಿರುವ ಬಸವೇಶ್ವರನಗರದವರು ಈ ಮಾತನ್ನು ಕೇಳಿದರೆ ಏನೆನ್ನುವರೋ ಕಾಣೆ, ಅದೇ ವರ್ಷದ ಜಗಜ್ಯೋತಿ ಬಸವೇಶ್ವರದಲ್ಲಿ ಬಸವಣ್ಣನವರಾಗಿದ್ದವರು ಹೊನ್ನಪ್ಪ ಭಾಗವತರು, ರಾಜ್‌ಕುಮಾರರದು ಬಿಜ್ಜಳನ ವೇಷ.

ಕಿರಿಯ: ಬಿಜ್ಜಳನೆ!

ಹಿರಿಯ: ಬಿಜ್ಜಳನೇ. ಎಷ್ಟೋ ವರ್ಷಗಳಾದ ಮೇಲೆ, 1983ರ ಭಕ್ತ ಪ್ರಹ್ಲಾದದಲ್ಲಿ ತಮ್ಮ ಕಿರಿಯ ಮಗನನ್ನೇ ಎದುರಿಗೆ ನಿಲ್ಲಿಸಿಕೊಂಡು ಹಿರಣ್ಯಕಶಿಪುವಾದಾಗ ಆ ಹಳೆಯ ಕಸುವು ಮತ್ತೆ ಎದ್ದು ಬಂದಿತು. ಮಗುವನ್ನು ಗದರಿಸುವ ಆ ಕಣ್ಣುಗಳಲ್ಲಿ ತಂದೆಯ ಮಮತೆ ಒಮ್ಮೆ ಇಣುಕಿ, ಒಡನೆಯೇ ಅಹಂಕಾರದ ಹಿಂದೆ ಅಡಗುತ್ತದೆ. ಅದನ್ನು ನಿಮ್ಮ ಹತ್ತರೊಳಗೆ ಸೇರಿಸದೆ ಭಕ್ತ ಕುಂಬಾರವನ್ನು ಮಾತ್ರ ಸೇರಿಸಿದ್ದು ಭಕ್ತನಿಗೆ ಮಾಡಿದ ಪಕ್ಷಪಾತ. ಕವಿರತ್ನ ಕಾಳಿದಾಸದಲ್ಲಿಯೂ ನನಗೆ ಬೇಕಾದವನು ಮೊದಲರ್ಧದ ಕುರುಬನೇ. ಕಾಳಿಯ ವರ ದೊರೆತು ಪಂಡಿತನಾದ ಮೇಲೆ ಆತನು ಮಾತನಾಡುವುದೆಲ್ಲವೂ ಸರಿಯಾಗಿಬಿಡುತ್ತದೆ, ನನಗೆ ನಿದ್ದೆ ಬರುತ್ತದೆ.

ಕಿರಿಯ: ಹಾಗಾದರೆ ತಮ್ಮ ತಕ್ಕಡಿಯಲ್ಲಿ ಮೇಲಕ್ಕೇಳುವ ಚಿತ್ರಗಳು ಯಾವುವು?

ಹಿರಿಯ: ಎರಡು ಕನಸು ಎಲ್ಲಿಟ್ಟಿದ್ದೀರಿ?

ಕಿರಿಯ: ಹದಿನೈದರ ಆಚೆ. ಹಾಡುಗಳು ಚೆನ್ನ, ಆದರೆ ಅದು ಹೆಂಗಸರ ಚಿತ್ರವೆಂದು ಸಭೆಯಲ್ಲಿ ಅಭಿಪ್ರಾಯ ಬಂತು.

ಹಿರಿಯ: ನಿಮ್ಮ ಸಭೆಯಲ್ಲಿ ಹೆಂಗಸರಿರಲಿಲ್ಲವೆಂದು ಇದರಿಂದ ತಿಳಿಯಿತು. ವಾಣಿಯವರ ಕಾದಂಬರಿಯಿಂದ ದೊರೈ-ಭಗವಾನ್ ಜೋಡಿ 1974ರಲ್ಲಿ ತೆಗೆದ ಆ ಚಿತ್ರದಲ್ಲಿ, ಕೈತಪ್ಪಿಹೋದ ಪ್ರೇಯಸಿಯ ನೆನಪನ್ನು ಎದೆಯಲ್ಲಿಟ್ಟುಕೊಂಡು, ಏನೊಂದೂ ಅರಿಯದ ಹೆಂಡತಿಯನ್ನು ಅದೇ ಮನೆಯಲ್ಲಿ ಪರಕೀಯಳಂತೆ ನಡೆಸಿಕೊಳ್ಳುವ ಗಂಡನೊಬ್ಬನಿದ್ದಾನೆ. ಅವನು ಹೊಡೆಯುವವನಲ್ಲ, ಕುಡಿಯುವವನಲ್ಲ, ಸಭ್ಯ, ವಿದ್ಯಾವಂತ. ಅವನ ಕ್ರೌರ್ಯವೆಲ್ಲ ಮೌನದಲ್ಲಿ. ನಾಡಿನ ಮನೆಮನೆಯಲ್ಲಿ ಪಟವಾಗಿ ತೂಗುತ್ತಿದ್ದ ನಟನೊಬ್ಬನು, ಕಲ್ಪನಾ ಅವರು ನೊಂದು ನಿಂತಿರುವಾಗ ಪ್ರೇಕ್ಷಕರ ಮರುಕವೆಲ್ಲವೂ ಆಕೆಯ ಕಡೆಗೇ ಹರಿಯಲೆಂದು ತಾನು ಬರಿದಾಗಿ ನಿಲ್ಲುವುದು ಸಾಮಾನ್ಯದ ತ್ಯಾಗವಲ್ಲ. ನನ್ನ ಎಣಿಕೆಯಲ್ಲಿ ಅದು ಎರಡನೆಯದು.

ಕಿರಿಯ: ಮೊದಲನೆಯದು?

ಹಿರಿಯ: ಅದಕ್ಕೆ ಎರಡು ಊಟಗಳ ವಿಷಯ ಮಾತನಾಡಬೇಕು. ನಿಮ್ಮ ಮೊದಲನೆಯ ಚಿತ್ರದ ಕಡೆಯ ಭಾಗವನ್ನು ನೆನೆದುಕೋ. ಅಕ್ಕನ ಮಕ್ಕಳಿಗಾಗಿ ಬಂಜರು ನೆಲವನ್ನು ಬಂಗಾರವಾಗಿಸಿದ ರಾಜೀವನು ಊಟಕ್ಕೆ ಕುಳಿತಿರುವಾಗ, ವಜ್ರಮುನಿಯವರ ಕೇಶವನು ಆಡಬಾರದ ಮಾತನ್ನು ಆಡುತ್ತಾನೆ. ತಾನು ಕಾಯ್ದುಕೊಂಡು ಬಂದ ಭಾವನ ಗುಟ್ಟನ್ನು ಒಡೆದು ಹೇಳಿದರೆ ಅಪವಾದ ಕ್ಷಣಮಾತ್ರದಲ್ಲಿ ತೊಲಗೀತು. ಹೇಳನು; ಉಣ್ಣುತ್ತಿದ್ದವನು ಅಲ್ಲಿಂದಲೇ ಎದ್ದು ಮನೆಯನ್ನೇ ತೊರೆದು ಹೊರಡುತ್ತಾನೆ. ಗಾಂಧಿ ಕ್ಲಾಸಿನಿಂದ ಬಾಲ್ಕನಿಯವರೆಗೆ ಬಿಕ್ಕಿದ್ದು ಅಲ್ಲಿಯೇ.

ಕಿರಿಯ: ಅದಕ್ಕೇ ಮೊದಲ ಸ್ಥಾನ ಕೊಟ್ಟದ್ದು!

ಹಿರಿಯ: ತಾಳು. ಇನ್ನೊಂದು ಊಟ 1971ರ ಕಸ್ತೂರಿ ನಿವಾಸದ್ದು. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯನಾಗಿದ್ದು, ಕೊಟ್ಟು ಕೊಟ್ಟು ಬರಿಗೈಯಾದ ರವಿವರ್ಮನ ಮನೆಗೆ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಬಂದವಳಿಗೆ ಊಟವಿಕ್ಕಲು ಮನೆಯಲ್ಲಿ ಏನೂ ಇಲ್ಲ. ತಾನು ಸಾಕಿದ ಪಾರಿವಾಳವನ್ನು ಮಾರಿ ಎಲೆ ಹಾಕಿಸುತ್ತಾನೆ. ಉಂಡಾದ ಮೇಲೆ ಆಕೆ ತಾನು ಬಂದ ಕಾರಣವನ್ನು ತಿಳಿಸುತ್ತಾಳೆ: ಕಾಯಿಲೆ ಬಿದ್ದಿರುವ ಮಗಳು ಆ ಪಾರಿವಾಳವನ್ನು ಕೇಳುತ್ತಿದ್ದಾಳಂತೆ. ಇಲ್ಲವೆನ್ನದೆ ಬಾಳಿದವನು ಇಲ್ಲವೆನ್ನಬೇಕಾದ ಆ ಘಳಿಗೆಯಲ್ಲಿ ರಾಜ್‌ಕುಮಾರರ ಮೋರೆಯನ್ನು ನೋಡು. ಮೊದಲು ಆತಿಥ್ಯದ ಸಂತೋಷ ಇನ್ನೂ ಆರಿರುವುದಿಲ್ಲ, ಕೇಳಿದ್ದು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿದಿರುವುದಿಲ್ಲ, ಅನಂತರ ಇಳಿಯುತ್ತದೆ. ಹದಿನಾಲ್ಕನೆಯ ಶತಮಾನದ ಇಟಲಿಯಲ್ಲಿ ಬೊಕಾಚ್ಚಿಯೋ ಎಂಬವನು ಡೆಕಮೆರಾನ್ ಎಂಬ ಕಥಾಸಂಗ್ರಹದಲ್ಲಿ ಇದಕ್ಕೆ ಸೋದರನಂತಿರುವ ಕಥೆಯೊಂದನ್ನು ಬರೆದಿದ್ದಾನೆ. ಅಲ್ಲಿ ಬಡವನಾದ ಸರದಾರನು ಮನೆಗೆ ಬಂದ ಪ್ರಿಯೆಗೆ ತನ್ನ ಬೇಟೆಯ ಗಿಡುಗವನ್ನೇ ಅಡಿಗೆ ಮಾಡಿ ಬಡಿಸಿರುತ್ತಾನೆ, ಆಕೆ ಬಂದಿದ್ದುದು ಕಾಯಿಲೆಯ ಮಗನಿಗಾಗಿ ಆ ಗಿಡುಗವನ್ನೇ ಬೇಡಲು. ಆದರೆ ಇಟಲಿಯವನು ಬದುಕಿ, ಕಡೆಗೆ ಆಕೆಯನ್ನೇ ಮದುವೆಯಾಗಿ ಸುಖವಾಗಿರುತ್ತಾನೆ. ನಮ್ಮವನು ಬದುಕಲಾರನು.

ಕಿರಿಯ: ಎರಡೂ ಊಟಗಳು ಕಣ್ಣೀರಿನವೇ. ಒಂದನ್ನು ಮೇಲೆ, ಒಂದನ್ನು ಕೆಳಗೆ ಹೇಗೆ ಹಾಕುತ್ತೀರಿ?

ಹಿರಿಯ: ರಾಜೀವನ ತಪ್ಪು ಎಳ್ಳಷ್ಟೂ ಇಲ್ಲ, ಎದ್ದು ಹೋದವನು ಉಣ್ಣುತ್ತ ಉಳಿದವರಿಗಿಂತ ಎತ್ತರವಾಗಿಯೇ ಹೋಗುತ್ತಾನೆ. ಸೋತಂತೆ ಕಂಡರೂ ಅದು ಗೆಲುವು. ರವಿವರ್ಮನ ಪತನದಲ್ಲಾದರೋ ಅವನ ಪಾಲೂ ಉಂಟು. ಅವನ ದಾನದಲ್ಲಿ ಒಂದು ಬಗೆಯ ಹಮ್ಮು ಇದೆ, ಕೊಡುವವನ ಕೈ ಸದಾ ಮೇಲೇ ಇರಬೇಕೆಂಬ ಹಟವಿದೆ. ಕಾಲ ಬದಲಾದುದನ್ನು ಕಂಡೂ ಕಾಣದಂತಿರುವ ಮೊಂಡುತನವಿದೆ. ನಟನು ಅದನ್ನು ಮುಚ್ಚಿಡಲಿಲ್ಲ. ಶಾಲಿನ ಅಂಚನ್ನು ಸರಿಪಡಿಸಿಕೊಳ್ಳುವ ರೀತಿಯಲ್ಲಿ, ಬೇಡವೆಂದವರಿಗೂ ಕೊಡುವ ಆ ನಗೆಯಲ್ಲಿ ಅದು ತೋರುತ್ತದೆ. 2014ರಲ್ಲಿ ಈ ಚಿತ್ರಕ್ಕೆ ಬಣ್ಣ ಬಳಿದು ಮತ್ತೆ ಬಿಡುಗಡೆ ಮಾಡಿದರಲ್ಲ, ಆಗ ಯುವಕರು ಅತ್ತದ್ದನ್ನು ಕಂಡೆ. ನನಗೆ ಮಾತ್ರ ಆ ಮನೆಗೆ ಕಪ್ಪುಬಿಳುಪಿನ ಮಬ್ಬೇ ಒಪ್ಪುತ್ತದೆ.

ಕಿರಿಯ: ಬಣ್ಣವಿಲ್ಲದಿದ್ದರೆ ನಾನು ಅದನ್ನು ಚಿತ್ರಮಂದಿರದಲ್ಲಿ ನೋಡುತ್ತಲೇ ಇರಲಿಲ್ಲ. ಆದರೂ ಒಂದು ಮಾತು. ತಪ್ಪು, ಹಮ್ಮು, ಸೋಲು ಇವನ್ನೇ ಹುಡುಕುತ್ತ ಹೋದರೆ, ಜನರು ಆ ಮನುಷ್ಯನನ್ನು ಏಕೆ ಪ್ರೀತಿಸಿದರೆಂಬುದೇ ತಪ್ಪಿಹೋಗುವುದಿಲ್ಲವೆ? ನಮ್ಮ ತಂದೆಯವರು ರಾಜೀವನಲ್ಲಿ ದೋಷ ಹುಡುಕಲು ಹೋದವರಲ್ಲ. ಕಾರ್ಖಾನೆಯ ಪಾಳಿ ಮುಗಿಸಿ, ಡಬ್ಬಿಯ ಚೀಲ ಹಿಡಿದುಕೊಂಡೇ ಸೆಕೆಂಡ್ ಶೋಗೆ ಹೋದವರು ಒಬ್ಬ ಒಳ್ಳೆಯವನನ್ನು ಮೂರು ಗಂಟೆಯ ಕಾಲ ನೋಡಬೇಕೆಂದೇ ಹೋದರು. ಒಳ್ಳೆಯವನಾಗಿ ಬೇಸರ ಬರಿಸದೆ ಕಾಣುವುದು ಕೆಟ್ಟವನಾಗಿ ಕಾಣುವುದಕ್ಕಿಂತ ಸುಲಭವೆ?

ಹಿರಿಯ: ಸುಲಭವಲ್ಲ. ಈ ಮಾತನ್ನು ನಿನ್ನ ಸಂಚಿಕೆಯಲ್ಲಿ ಬರೆ. ವಾರಗಳ ಲೆಕ್ಕಕ್ಕಿಂತ ಬೆಲೆಯುಳ್ಳದ್ದು. ಹಾಗೆಂದು ನಾನು ಮೊದಲನೆಯ ಸ್ಥಾನವನ್ನು ಬದಲಿಸಲಾರೆ.

ಕಿರಿಯ: ನಾನೂ ಬದಲಿಸಲಾರೆ.

ಹಿರಿಯ: ಸಂತೋಷ. ಈಗ ಕೆಳಗಿಳಿಯೋಣ. 200ಕ್ಕೂ ಮಿಕ್ಕ ಚಿತ್ರಗಳಲ್ಲಿ ತಳವೊಂದು ಇರಲೇಬೇಕಷ್ಟೆ. 1978ರ ಆಪರೇಷನ್ ಡೈಮಂಡ್ ರಾಕೆಟ್ ಅಲ್ಲಿಗೆ ಸಲ್ಲುತ್ತದೆಯೆಂದು ನನ್ನ ಸೂಚನೆ.

ಕಿರಿಯ: ಮೇಷ್ಟ್ರೇ, ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದರಲ್ಲಿ ಅಣ್ಣಾವ್ರು ಹಾಡಿದ ಇಂಗ್ಲಿಷ್ ಹಾಡು ಇವತ್ತಿಗೂ ನಮ್ಮ ಹುಡುಗರ ಮೊಬೈಲುಗಳಲ್ಲಿ ಜೀವಂತವಾಗಿದೆ. ಸಂಘದ ಪ್ರವಾಸದ ಬಸ್ಸು ಕೆಂಗೇರಿ ದಾಟುವುದರೊಳಗೆ ಯಾರಾದರೊಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಹಾಸ್ಯಕ್ಕೆ ಹಾಡುತ್ತಾರೆನ್ನಿ, ಆದರೆ ಪ್ರೀತಿಯಿಲ್ಲದೆ ಹಾಸ್ಯ ಅಷ್ಟು ಕಾಲ ಬಾಳುವುದಿಲ್ಲ. ಇನ್ನು 1968ರ ಜೇಡರ ಬಲೆಯನ್ನು ನೋಡಿ. ಹರಿಶ್ಚಂದ್ರನಾಗಿ ಸ್ಮಶಾನ ಕಾದವರು ಮೂರೇ ವರ್ಷಗಳಲ್ಲಿ ಕೋಟು ತೊಟ್ಟು, ಪಿಸ್ತೂಲು ಹಿಡಿದು, ಸಿ.ಐ.ಡಿ. 999 ಆಗಿ ಬಂದಾಗ, ಕನ್ನಡದವರಿಗೂ ಒಬ್ಬ ಬಾಂಡ್ ಸಿಕ್ಕಿದನೆಂದು ಜನ ಕುಣಿದರಂತೆ. ಆ ವರ್ಷವೇ ಗೋವಾದಲ್ಲಿ ಇನ್ನೊಂದು ಸಾಹಸ, ಮರುವರ್ಷ ಮತ್ತೊಂದು. ಆಟವಾಡುವವನಿಗೆ ಕಡೆಯ ಸ್ಥಾನ ಕೊಡಬಾರದು.

ಹಿರಿಯ: ಆಟವೆಂಬುದನ್ನು ಒಪ್ಪಿದೆ. ಆ ಚಿತ್ರಗಳಲ್ಲಿ ಅವರು ತಮ್ಮನ್ನು ತಾವು ಗಂಭೀರವಾಗಿ ಎಣಿಸಿಕೊಂಡಿಲ್ಲ, ಅದು ನಿಜ. ಹಾಗಾದರೆ ಬಾಂಡನನ್ನು ಮಧ್ಯಕ್ಕೆ ಕಳುಹಿಸು. ತಳಕ್ಕೆ, ನೀನು ಕಿವಿ ಮುಚ್ಚಿಕೊಂಡರೂ ಹೇಳುತ್ತೇನೆ, ಶಬ್ದವೇಧಿ.

ಕಿರಿಯ: ಕಡೆಯ ಚಿತ್ರವನ್ನೇ ಕಡೆಗೆ?

ಹಿರಿಯ: ಕಾಲದಲ್ಲಿ ಕಡೆಯದೆಂದಲ್ಲ. 2000ದ ಆ ಚಿತ್ರ ತೆರೆಗೆ ಬಂದಾಗ ಅವರಿಗೆ ಎಪ್ಪತ್ತು ತುಂಬಿತ್ತು. ಮಾದಕ ವಸ್ತುಗಳ ಜಾಲವನ್ನು ಹರಿಯುವ ಪೊಲೀಸ್ ಅಧಿಕಾರಿಯ ವೇಷ. ಅವರ ದೇಹ ಆ ವಯಸ್ಸಿಗೆ ಆಶ್ಚರ್ಯವೆನಿಸುವಷ್ಟು ಗಟ್ಟಿ, ಉಚ್ಚಾರಣೆ ಎಂದಿನಂತೆ ಸ್ಫಟಿಕ, ಯೋಗಾಭ್ಯಾಸದ ಫಲ. ಆದರೆ ಚಿತ್ರಕ್ಕೆ ಆತನಿಂದ ಬೇಕಾದುದು ನಟನೆಯಲ್ಲ, ದರ್ಶನ. ಕಷ್ಟಗಳು ಬಂದರೂ ಯಾವುದೂ ಆತನನ್ನು ಮುಟ್ಟಿತೆಂದು ನಮಗೆ ಅನ್ನಿಸುವುದಿಲ್ಲ. ಎದುರಾಳಿಗಳೂ ಒಳಗೊಳಗೇ ಕೈಮುಗಿದುಕೊಂಡು ನಿಂತಂತಿದೆ. ಹಿಂದೆ ಬಾಲಕೃಷ್ಣನವರೋ ನರಸಿಂಹರಾಜರೋ ಎದುರಿಗಿದ್ದಾಗ ಹೀಗಿರಲಿಲ್ಲ. ಅಭಿಮಾನ್ ಸ್ಟುಡಿಯೋವನ್ನು ಕೆಂಗೇರಿಯ ಕಡೆ ಕಟ್ಟಿದ ಆ ಬಾಲಕೃಷ್ಣನವರು, ಕಿವಿ ಮಂದವಾಗಿದ್ದರೂ ತುಟಿಯ ಚಲನೆಯನ್ನು ನೋಡಿಯೇ ಮಾತಿಗೆ ಮಾತು ಕೂಡಿಸುತ್ತಿದ್ದವರು, ನಾಯಕನೆಂದು ಬಿಟ್ಟುಕೊಡುತ್ತಿರಲಿಲ್ಲ. ಎದುರಿನವನು ಜಗ್ಗಿದಾಗಲೇ ರಾಜ್‌ಕುಮಾರರ ಬಲ ತೋರುತ್ತಿದ್ದುದು.

ಕಿರಿಯ: ನಾನು ಆ ಚಿತ್ರವನ್ನು ಸರತಿಯಲ್ಲಿ ನಿಂತ ನಮ್ಮ ತಂದೆಯವರ ಹೆಗಲ ಮೇಲೆ ಕುಳಿತು ಹೋಗಿ ನೋಡಿದವನು. 1994ರ ಒಡಹುಟ್ಟಿದವರು ಆದ ಮೇಲೆ ಅಷ್ಟು ವರ್ಷ ಅವರ ಹೊಸ ಚಿತ್ರವೇ ಇರಲಿಲ್ಲ. ತೆರೆಯ ಮೇಲೆ ಅವರು ಬಂದೊಡನೆ ಚಿಲ್ಲರೆ ಕಾಸು ಮಳೆಗರೆಯಿತು. ನಟನೆಯನ್ನು ನೋಡಲು ಯಾರು ಬಂದಿದ್ದರು? ಅವರು ಆರೋಗ್ಯವಾಗಿದ್ದಾರೆಯೆ ಎಂದು ನೋಡಲು ಬಂದಿದ್ದರು. ಅದೇ ವರ್ಷ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ವೀರಪ್ಪನ್ ಅವರನ್ನು ಹೊತ್ತೊಯ್ದು 108 ದಿನ ಕಾಡಿನಲ್ಲಿ ಇರಿಸಿಕೊಂಡ. ಅದಾದ ಮೇಲೆ ಶಬ್ದವೇಧಿಯನ್ನು ಚಿತ್ರವೆಂದು ನೋಡುವುದು ನಮ್ಮಿಂದ ಆಗುವುದಿಲ್ಲ.

ಹಿರಿಯ: ಆಗುವುದಿಲ್ಲವೆಂಬುದನ್ನು ಬಲ್ಲೆ. ಆ ದಿನಗಳಲ್ಲಿ ಈ ಬೀದಿಯ ಅಂಗಡಿಗಳು ಬಾಗಿಲು ಹಾಕಿದ್ದನ್ನೂ, ರೇಡಿಯೋದ ಸುತ್ತ ಜನ ಗುಂಪುಗೂಡಿದ್ದನ್ನೂ ಕಂಡವನೇ ನಾನೂ. ಆದರೆ ಅದು ಆ ಮನುಷ್ಯರ ಮೇಲಿನ ಅಕ್ಕರೆ. ಚಿತ್ರದ ಗುಣಕ್ಕೆ ಅದನ್ನು ಸಾಲ ಕೊಡಬೇಡ. ಅಭಿಮಾನಿಗಳನ್ನು ದೇವರುಗಳೆಂದು ಕರೆದ ನಟನಿಗೆ, ತನ್ನ ಒಂದು ಚಿತ್ರ ಚೆನ್ನಾಗಿಲ್ಲವೆಂದು ದೇವರೊಬ್ಬನು ಹೇಳಿದರೆ ಸಿಟ್ಟು ಬಂದೀತೆ?

ಕಿರಿಯ: ಅವರಿಗೆ ಬರಲಾರದು. ಖಜಾಂಚಿಯವರಿಗೆ ಬರುತ್ತದೆ.

ಹಿರಿಯ: ಬರಲಿ. ಮೂರನೆಯದಕ್ಕೆ ಸನಾದಿ ಅಪ್ಪಣ್ಣ ಎಂದು ಬರೆದುಕೋ. ಕೃಷ್ಣಮೂರ್ತಿ ಪುರಾಣಿಕರ ಕಥೆ, ಬಿಸ್ಮಿಲ್ಲಾ ಖಾನರ ಶಹನಾಯಿ. ಊದುವವನು ಬೇರೆ, ನಟಿಸುವವನು ಬೇರೆಯೆಂಬುದನ್ನು ಆ ಉಬ್ಬಿದ ಕೆನ್ನೆಗಳೂ ರಂಧ್ರಗಳ ಮೇಲೆ ಓಡುವ ಬೆರಳುಗಳೂ ಮರೆಸಿಬಿಡುತ್ತವೆ. ಹಾಲು ಜೇನು ಹತ್ತರೊಳಗಿರಲಿ. ಕಾಯಿಲೆಯ ಹೆಂಡತಿಗಾಗಿ ಸುಳ್ಳು ಹೇಳಿ ಹಣ ಕೂಡಿಸುವವನ ಆ ಹಗುರವಾದ ನಗೆ ಬೇರೆ ಚಿತ್ರಗಳಲ್ಲಿ ದೊರೆಯುವುದಿಲ್ಲ. ಬಬ್ರುವಾಹನ ನಿಮ್ಮಲ್ಲಿ ಇದ್ದಲ್ಲಿಯೇ ಇರಲಿ: ಗರ್ವದ ತಂದೆಯೂ ತಾನೇ, ಆ ಗರ್ವವನ್ನು ಮುರಿಯುವ ಮಗನೂ ತಾನೇ ಆದುದರಿಂದ ಅದಕ್ಕೆ ನನ್ನ ತಕ್ಕಡಿಯಲ್ಲಿಯೂ ತೂಕವುಂಟು. ಮಯೂರ, ಗಂಧದ ಗುಡಿ ಸ್ವಲ್ಪ ಕೆಳಗೆ. ನಾಂದಿಯನ್ನು ಎಲ್ಲಿಟ್ಟೆ?

ಕಿರಿಯ: ಅದು ಪಟ್ಟಿಯಲ್ಲಿಯೇ ಇಲ್ಲ. ಸಭೆಯಲ್ಲಿದ್ದ ಯಾರೂ ನೋಡಿರಲಿಲ್ಲ.

ಹಿರಿಯ: 1964ರಲ್ಲಿ ಎನ್. ಲಕ್ಷ್ಮೀನಾರಾಯಣ್ ತೆಗೆದದ್ದು. ಖಡ್ಗವಿಲ್ಲ, ಕಿರೀಟವಿಲ್ಲ, ಮೊದಲ ಹೆಂಡತಿಯನ್ನು ಹೆರಿಗೆಯಲ್ಲಿ ಕಳೆದುಕೊಂಡು, ಕಿವಿಯೂ ಮಾತೂ ಇಲ್ಲದ ಹೆಣ್ಣನ್ನು ಕೈಹಿಡಿಯುವ ಒಬ್ಬ ಸಾಮಾನ್ಯ ಉಪಾಧ್ಯಾಯ. ನಾನು ಆ ವೃತ್ತಿಯವನೆಂಬ ಮೋಹವೂ ಇದರಲ್ಲಿ ಸ್ವಲ್ಪ ಬೆರೆತಿರಬಹುದು. ಆದರೆ ಹರಿಣಿಯವರ ಮೌನದೆದುರು ಆ ನಟರು ತಮ್ಮ ಗಂಟೆಯಂಥ ದನಿಯನ್ನು ಎಷ್ಟು ತಗ್ಗಿಸಿದ್ದಾರೆಂಬುದನ್ನು ನೋಡದವನು ಅವರ ಚಿತ್ರಗಳಿಗೆ ಸ್ಥಾನ ಹಂಚಲು ಹೊರಡಬಾರದು. ಅಚ್ಚಿಗೆ ಹೋಗುವುದು ಎಂದು?

ಕಿರಿಯ: ಸೋಮವಾರ.

ಹಿರಿಯ: ಹಾಗಾದರೆ ಭಾನುವಾರದೊಳಗೆ ಅದನ್ನು ಎಲ್ಲಿಂದಾದರೂ ಹುಡುಕಿ ನೋಡು, ನೋಡಿದ ಮೇಲೆ ನಾಲ್ಕನೆಯದೋ ನಲವತ್ತನೆಯದೋ ನೀನೇ ನಿಶ್ಚಯಿಸು. ಮೊದಲ ಸ್ಥಾನದಲ್ಲಿ ನಿಮ್ಮ ಬಂಗಾರದ ಮನುಷ್ಯವನ್ನೇ ಉಳಿಸಿಕೊಂಡು, ಪಕ್ಕದಲ್ಲಿ ನನ್ನ ಭಿನ್ನಮತವನ್ನು ಸಣ್ಣ ಅಕ್ಷರದಲ್ಲಿ ಹಾಕು. ಶಬ್ದವೇಧಿಯನ್ನು ಕಡೆಗೆ ಕೂರಿಸಿದವರು ಮೇಷ್ಟ್ರೆಂದು ಮಾತ್ರ ದಪ್ಪ ಅಕ್ಷರದಲ್ಲಿ ನಮೂದಿಸು. ಖಜಾಂಚಿಯವರಿಗೆ ನನ್ನ ಮನೆ ಗೊತ್ತುಂಟು. ಬೈಯುವುದಾದರೆ ಸಂಜೆ ಐದರ ಮೇಲೆ ಬರಲಿ, ಕಾಫಿಯ ಹೊತ್ತು.